ಫಾರ್ಮಸಿ ಓದುವವರಿಗೆ ಕ್ಲಿನಿಕಲ್ ರಿಸರ್ಚ್ ಮಾಸ್ಟರ್ಸ್: ಯಾವ ದಾರಿ ಯಾರಿಗೆ?

ಫಾರ್ಮಸಿಯ ಕೊನೆಯ ವರ್ಷಗಳಿಗೆ ಬಂದವರನ್ನು ಈ ಪ್ರಶ್ನೆ ಕಾಡುತ್ತಲೇ ಇರುತ್ತದೆ. ಕ್ಲಿನಿಕಲ್ ರಿಸರ್ಚ್‌ನಲ್ಲಿ ಮಾಸ್ಟರ್ಸ್ ಮಾಡಬೇಕಾ? ಮಾಡುವುದಾದರೆ ಫಾರ್ಮಸಿ ಜೊತೆಗೇನಾ, ಮುಗಿಸಿದ ಮೇಲಾ? ಅಥವಾ ಒಂದು ಸರ್ಟಿಫಿಕೇಟ್ ಕೋರ್ಸ್ ಸಾಕಾ? ನಾಲ್ಕು ಜನರನ್ನು ಕೇಳಿದರೆ ನಾಲ್ಕು ಉತ್ತರ ಬರುತ್ತದೆ. ಪ್ರತಿಯೊಬ್ಬರೂ ತಾವು ಹೋದ ದಾರಿಯನ್ನೇ ಹೊಗಳುವುದು ಜಾಸ್ತಿ.

ನನ್ನನ್ನು ಕೇಳಿದರೆ, ಡಿಗ್ರಿಯ ಮಾತು ಆಮೇಲೆ. ಟ್ರಯಲ್‌ನಲ್ಲಿ, ಅಂದರೆ ಔಷಧಿಯನ್ನು ಜನರ ಮೇಲೆ ಪರೀಕ್ಷಿಸುವ ಅಧ್ಯಯನದಲ್ಲಿ, ನೀವು ಯಾವ ಕೆಲಸ ಮಾಡಬೇಕು ಅಂದುಕೊಂಡಿದ್ದೀರಿ ಅನ್ನುವುದು ಮೊದಲು ಗೊತ್ತಾಗಬೇಕು. ಅದು ಗೊತ್ತಾದರೆ ಅರ್ಧಕ್ಕರ್ಧ ಆಯ್ಕೆಗಳು ತಾವಾಗಿಯೇ ಬಿದ್ದುಹೋಗುತ್ತವೆ.

ಒಂದು ಟ್ರಯಲ್, ಹತ್ತು ಬಗೆಯ ಕೆಲಸ

ಯಾವ ಔಷಧಿ, ಯಾರಿಗೆ, ಎಷ್ಟು ದಿನ, ಏನನ್ನು ಅಳೆಯಬೇಕು ಅಂತ ಪ್ರಶ್ನೆ ಹಾಕಿ ಅಧ್ಯಯನವನ್ನು ರೂಪಿಸುವವರು ಇನ್ವೆಸ್ಟಿಗೇಟರ್‌ಗಳು. ಆಸ್ಪತ್ರೆಯಲ್ಲಿ ಅದನ್ನು ದಿನದಿನ ನಡೆಸುವವರು ಕೋಆರ್ಡಿನೇಟರ್‌ಗಳು. ರೋಗಿಗಳನ್ನು ಸೇರಿಸುವುದು, ಒಪ್ಪಿಗೆ ಪತ್ರ, ವಿಸಿಟ್ ದಿನಾಂಕ, ರಕ್ತದ ಸ್ಯಾಂಪಲ್ ಎಲ್ಲ ಅವರ ತಲೆಯ ಮೇಲೆ. ಸ್ಪಾನ್ಸರ್, ಅಂದರೆ ಟ್ರಯಲ್‌ನ ಹೊಣೆ ಹೊತ್ತ ಕಂಪನಿ ಅಥವಾ ಸಂಸ್ಥೆಯ ಕಡೆಯಿಂದ ಬರುವ ಮಾನಿಟರ್, ಅಂದರೆ ಸಿಆರ್‌ಎ, ಸೈಟಿಂದ ಸೈಟಿಗೆ ಓಡಾಡುತ್ತಾ ದಾಖಲೆಗಳನ್ನು ತಾಳೆ ನೋಡುತ್ತಾರೆ. ಫಾರ್ಮಕೋವಿಜಿಲೆನ್ಸ್‌ನವರು ಅಡ್ಡಪರಿಣಾಮಗಳ ವರದಿ ನೋಡಿಕೊಳ್ಳುತ್ತಾರೆ. ಔಷಧಿಗಳ ನಿಯಮಗಳನ್ನು ದೇಶದೇಶಗಳ ನಡುವೆ ಹೊಂದಿಸುವ ಐಸಿಎಚ್ ಸಂಸ್ಥೆಯ ಇ2ಎ ಮಾರ್ಗಸೂಚಿಯ ಪ್ರಕಾರ, ಟ್ರಯಲ್‌ನ ಔಷಧಿಯಿಂದ ನಿರೀಕ್ಷಿಸದೇ ಇದ್ದ ಪ್ರಾಣಾಪಾಯದ ಪರಿಣಾಮ ಕಂಡರೆ 7 ದಿನದೊಳಗೆ ನಿಯಂತ್ರಕರಿಗೆ ತಿಳಿಸಬೇಕು. ಪ್ರಾಣಾಪಾಯವಿಲ್ಲದ, ಆದರೆ ಗಂಭೀರವಾದ ಅನಿರೀಕ್ಷಿತ ಪರಿಣಾಮಗಳಿಗೆ 15 ದಿನ. ಗಡಿಯಾರ ನೋಡಿಕೊಂಡೇ ಮಾಡುವ ಕೆಲಸ ಅದು.

ಇನ್ನು ಡೇಟಾ ಮತ್ತು ಅಂಕಿಅಂಶದವರು ಇದ್ದಾರೆ. ಪ್ರೋಟೋಕಾಲ್ (ಅಧ್ಯಯನದ ಪೂರ್ತಿ ಯೋಜನೆ) ಮತ್ತು ವರದಿ ಬರೆಯುವ ಮೆಡಿಕಲ್ ರೈಟರ್‌ಗಳು ಇದ್ದಾರೆ. ಅನುಮತಿಯ ಕಡತ ನೋಡುವ ರೆಗ್ಯುಲೇಟರಿಯವರು ಇದ್ದಾರೆ. ಇವರ ನಡುವೆ ಯಾರೂ ಅಷ್ಟಾಗಿ ಗಮನಿಸದ ಒಬ್ಬರಿದ್ದಾರೆ, ಟ್ರಯಲ್‌ನ ಔಷಧಿಗಳನ್ನು ನೋಡಿಕೊಳ್ಳುವ ಫಾರ್ಮಸಿಸ್ಟ್. 2ರಿಂದ 8 ಡಿಗ್ರಿಯಲ್ಲಿ ಇಡಬೇಕಾದ ವಯಲ್ ಒಂದು ರಾತ್ರಿ 11 ಡಿಗ್ರಿಗೆ ಹೋದರೆ ಅದನ್ನು ಪಕ್ಕಕ್ಕೆ ಎತ್ತಿಟ್ಟು ಸ್ಪಾನ್ಸರ್‌ಗೆ ಬರೆಯುವವರು ಇವರೇ. ಬಂದ ಮಾತ್ರೆ ಎಷ್ಟು, ಕೊಟ್ಟಿದ್ದು ಎಷ್ಟು, ವಾಪಸ್ ಬಂದಿದ್ದು ಎಷ್ಟು ಅಂತ ಒಂದೊಂದಕ್ಕೂ ಲೆಕ್ಕ ಇಡುವವರೂ ಇವರೇ. ಯಾವ ರೋಗಿಗೆ ಔಷಧಿ, ಯಾರಿಗೆ ಪ್ಲಸೀಬೊ ಅನ್ನುವುದು ಡಾಕ್ಟರಿಗೂ ಗೊತ್ತಿಲ್ಲದ ಟ್ರಯಲ್‌ಗಳಲ್ಲಿ ಎಷ್ಟೋ ಸಲ ಇವರಿಗೆ ಮಾತ್ರ ಗೊತ್ತಿರುತ್ತದೆ.

ಇಷ್ಟನ್ನೂ ಹೇಳಿದ್ದಕ್ಕೆ ಕಾರಣ ಇದೆ. ಒಳ್ಳೆಯ ವಿಶ್ವವಿದ್ಯಾಲಯಗಳ ಕ್ಲಿನಿಕಲ್ ರಿಸರ್ಚ್ ಮಾಸ್ಟರ್ಸ್ ಬಹುಪಾಲು ಮೊದಲನೆಯವರಿಗಾಗಿ, ಅಂದರೆ ಪ್ರಶ್ನೆ ಹಾಕುವವರಿಗಾಗಿ ಮಾಡಿದ್ದು. ಮಾನಿಟರ್, ಫಾರ್ಮಕೋವಿಜಿಲೆನ್ಸ್, ಕೋಆರ್ಡಿನೇಟರ್ ಕೆಲಸಗಳಿಗೆ ನಿಮ್ಮ ಫಾರ್ಮಸಿ ಡಿಗ್ರಿಯೇ ಬಾಗಿಲು ತೆರೆಯುತ್ತದೆ. ಅಲ್ಲಿ ಮಾಸ್ಟರ್ಸ್‌ಗಿಂತ ಎರಡು ವರ್ಷದ ಅನುಭವಕ್ಕೆ ಬೆಲೆ ಜಾಸ್ತಿ.

ನಿಮಗೆ ಯಾವ ಕೆಲಸ ಇಷ್ಟವಾಗುತ್ತದೆ ಅಂತ ಇನ್ನೂ ಗೊತ್ತಿಲ್ಲವಾ? ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಅಮೆರಿಕದ ಸರ್ಕಾರ 2000ದಲ್ಲಿ ಶುರುಮಾಡಿದ ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್ ನೋಂದಣಿಯಲ್ಲಿ, ಮುಗಿದ ಎಷ್ಟೋ ಟ್ರಯಲ್‌ಗಳ ಪೂರ್ತಿ ಪ್ರೋಟೋಕಾಲ್ ಮತ್ತು ವಿಶ್ಲೇಷಣೆಯ ಯೋಜನೆ ಪಿಡಿಎಫ್ ಆಗಿ ಸಿಗುತ್ತದೆ. ನಿಮಗೆ ಪರಿಚಯವಿರುವ ಔಷಧಿಯದ್ದು ಒಂದನ್ನು ಇಳಿಸಿಕೊಂಡು ಕೂತು ಓದಿ. ನೂರು ಪುಟ ಇದ್ದರೂ ಇರಬಹುದು. "ಈ ಅಳತೆಯನ್ನೇ ಯಾಕೆ ಆರಿಸಿದರು, ನಾನಾಗಿದ್ದರೆ ಬೇರೆಯದು ತಗೊಳ್ಳುತ್ತಿದ್ದೆ" ಅಂತ ಮನಸ್ಸು ವಾದ ಮಾಡಿದರೆ ಮಾಸ್ಟರ್ಸ್ ಬಗ್ಗೆ ಗಂಭೀರವಾಗಿ ಯೋಚಿಸಿ. ವಿಸಿಟ್ ಪಟ್ಟಿ, ಔಷಧಿ ಸಾಗಣೆ, ಸುರಕ್ಷತೆಯ ವರದಿ ಇಂಥ ಪುಟಗಳೇ ಹಿಡಿಸಿದರೆ ಮೊದಲು ಕೆಲಸ ಹುಡುಕಿ. ಹತ್ತು ಪುಟಕ್ಕೇ ನಿದ್ದೆ ಬಂತು ಅಂದರೆ ಅದೂ ಒಂದು ಉತ್ತರವೇ.

ಫಾರ್ಮಸಿ ಏನು ಕೊಟ್ಟಿದೆ, ಏನು ಕೊಟ್ಟಿಲ್ಲ

ಔಷಧಿ ದೇಹದೊಳಗೆ ಹೋಗಿ ಏನಾಗುತ್ತದೆ ಅನ್ನುವುದು ನಿಮಗೆ ಡಾಕ್ಟರಿಗಿಂತ ಚೆನ್ನಾಗಿ ಗೊತ್ತು. ಡೋಸ್, ಅರ್ಧಾಯು, ಔಷಧಿ ಔಷಧಿಗಳ ಜಗಳ, ಸ್ಥಿರತೆ, ಫಾರ್ಮುಲೇಶನ್ ಎಲ್ಲ ನಿಮ್ಮ ಅಂಗಳ. ಇದು ಸಣ್ಣ ವಿಷಯವಲ್ಲ. 1937ರಲ್ಲಿ ಅಮೆರಿಕದಲ್ಲಿ ಸಲ್ಫಾನಿಲಮೈಡ್ ಎಲಿಕ್ಸಿರ್ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ತಪ್ಪು ಮೂಲ ಔಷಧಿಯದ್ದಾಗಿರಲಿಲ್ಲ, ಅದನ್ನು ಕರಗಿಸಲು ಬಳಸಿದ ಡೈಎಥಿಲೀನ್ ಗ್ಲೈಕಾಲ್‌ನದ್ದು. ಮರುವರ್ಷವೇ ಅಲ್ಲಿ ಹೊಸ ಕಾನೂನು ಬಂತು, ಮಾರುವ ಮೊದಲು ಔಷಧಿ ಸುರಕ್ಷಿತ ಅಂತ ತೋರಿಸಬೇಕಾಯಿತು. 20ರಿಂದ 100 ಜನರ ಮೇಲೆ ನಡೆಯುವ ಮೊದಲ ಹಂತದ ಟ್ರಯಲ್‌ಗಳಲ್ಲಿ ಫಾರ್ಮಸಿ ಓದಿದವರು ಬೇಗ ಹೊಂದಿಕೊಳ್ಳುತ್ತಾರೆ.

ಕೊರತೆ ಇರುವುದು ಇನ್ನೊಂದು ಕಡೆ. ಪ್ರಬಂಧವನ್ನು ಓದಿ ಟೀಕೆ ಮಾಡುವುದನ್ನು ಫಾರ್ಮಸಿಯಲ್ಲಿ ಹೇಳಿಕೊಡುತ್ತಾರೆ. ಅಧ್ಯಯನವನ್ನು ಕಟ್ಟುವುದನ್ನು ಅಷ್ಟಾಗಿ ಹೇಳಿಕೊಡುವುದಿಲ್ಲ. ಎರಡಕ್ಕೂ ಎಷ್ಟು ದೂರ ಅನ್ನುವುದು ಒಂದು ಲೆಕ್ಕ ಮಾಡಿ ನೋಡಿದರೆ ತಿಳಿಯುತ್ತದೆ. ಒಂದು ಕಾಯಿಲೆಯಲ್ಲಿ 100ಕ್ಕೆ 40 ಜನರಿಗೆ ತೊಂದರೆ ಮರುಕಳಿಸುತ್ತದೆ, ಹೊಸ ಔಷಧಿ ಅದನ್ನು 30ಕ್ಕೆ ಇಳಿಸುತ್ತದೆ ಅನ್ನುವುದು ನಿಮ್ಮ ಊಹೆ. ಅದನ್ನು ಹಿಡಿಯಲು, ಮಾಮೂಲಿ 80 ಶೇಕಡಾ ಪವರ್ (ವ್ಯತ್ಯಾಸ ನಿಜವಾಗಿ ಇದ್ದರೆ ಅದು ಕಣ್ಣಿಗೆ ಬೀಳುವ ಸಾಧ್ಯತೆ) ಮತ್ತು 5 ಶೇಕಡಾ ಮಿತಿ (ಇಲ್ಲದ ವ್ಯತ್ಯಾಸ ಇದೆ ಅನ್ನಿಸುವ ಸಾಧ್ಯತೆ) ಇಟ್ಟುಕೊಂಡರೆ, ಒಂದೊಂದು ಗುಂಪಿಗೆ ಸುಮಾರು 350ರಿಂದ 360 ಜನ ಬೇಕು. ಇಳಿಕೆ 40ರಿಂದ 35ಕ್ಕೆ ಮಾತ್ರ ಅಂದುಕೊಳ್ಳಿ. ವ್ಯತ್ಯಾಸ ಅರ್ಧವಾಯಿತು, ಜನ ಎರಡರಷ್ಟು ಬೇಕು ಅನ್ನಿಸುತ್ತದೆ ಅಲ್ವಾ? ಬೇಕಾಗುವುದು ನಾಲ್ಕರಷ್ಟು, ಒಂದೊಂದು ಗುಂಪಿಗೆ 1,470ರ ಆಸುಪಾಸು. ಟ್ರಯಲ್ ಒಂದು ಆಸ್ಪತ್ರೆಯಲ್ಲಿ ಮುಗಿಯುತ್ತದಾ, ಹತ್ತು ಆಸ್ಪತ್ರೆ ಬೇಕಾ, ಹಣ ಯಾರು ಕೊಡುತ್ತಾರೆ ಅನ್ನುವುದೆಲ್ಲ ಈ ಒಂದು ಲೆಕ್ಕದ ಮೇಲೆ ನಿಂತಿದೆ.

ಇನ್ನೊಂದು, ಏನನ್ನು ಅಳೆಯುವುದು ಅನ್ನುವುದು. ಹೃದಯಾಘಾತ ಆದವರಿಗೆ ಬಡಿತ ತಪ್ಪುವುದು ಅಪಾಯ, ಹಾಗಾಗಿ ಬಡಿತ ಸರಿಮಾಡುವ ಔಷಧಿ ಕೊಟ್ಟರೆ ಸಾವು ಕಡಿಮೆಯಾಗಬೇಕು ಅಂತ ಒಂದು ಕಾಲದಲ್ಲಿ ಬಹಳ ಡಾಕ್ಟರುಗಳು ನಂಬಿದ್ದರು. ಎನ್‌ಕೈನೈಡ್, ಫ್ಲೆಕೈನೈಡ್ ಬಡಿತವನ್ನು ಸರಿಮಾಡುತ್ತಿದ್ದವು, ಅದು ನಿಜ. ಕ್ಯಾಸ್ಟ್ ಅನ್ನುವ ಟ್ರಯಲ್‌ನಲ್ಲಿ ಪ್ಲಸೀಬೊ ಜೊತೆ ಹೋಲಿಸಿದಾಗ ಔಷಧಿ ತಗೊಂಡವರಲ್ಲೇ ಸಾವು ಜಾಸ್ತಿ ಕಂಡಿತು. 1989ರಲ್ಲಿ ಆ ಔಷಧಿಗಳನ್ನು ಕೊಡುವುದನ್ನು ಮಧ್ಯದಲ್ಲೇ ನಿಲ್ಲಿಸಬೇಕಾಯಿತು. ಔಷಧಿ ಹೇಗೆ ಕೆಲಸ ಮಾಡುತ್ತದೆ ಅಂತ ಚೆನ್ನಾಗಿ ಗೊತ್ತಿರುವವರೇ ಇಂಥ ಕಡೆ ಎಡವುವುದು. ಫಾರ್ಮಸಿಯವರ ಬಲವೇ ಇಲ್ಲಿ ಬಲಹೀನತೆ ಆಗಿಬಿಡುತ್ತದೆ. ಒಳ್ಳೆಯ ಮಾಸ್ಟರ್ಸ್ ಮುಖ್ಯವಾಗಿ ಸರಿಪಡಿಸುವುದು ಈ ಅಭ್ಯಾಸವನ್ನು.

ಹೆಸರು ಒಂದೇ, ಡಿಗ್ರಿ ಎರಡು

ಆಯ್ಕೆ ಮಾಡುವವರು ಹೆಚ್ಚು ಗಲಿಬಿಲಿಗೊಳ್ಳುವುದು ಇಲ್ಲಿ. "ಮಾಸ್ಟರ್ಸ್ ಇನ್ ಕ್ಲಿನಿಕಲ್ ರಿಸರ್ಚ್" ಅನ್ನುವ ಹೆಸರಲ್ಲಿ ಎರಡು ಬೇರೆ ಬೇರೆ ಡಿಗ್ರಿಗಳು ಸಿಗುತ್ತವೆ.

ಒಂದು ವಿಧಾನ ಕಲಿಸುವಂಥದ್ದು. ಬಯೋಸ್ಟಾಟಿಸ್ಟಿಕ್ಸ್ (ವೈದ್ಯಕೀಯ ಅಂಕಿಅಂಶ) ಒಂದಕ್ಕಿಂತ ಹೆಚ್ಚು ಪೇಪರ್ ಇರುತ್ತದೆ, ಎಪಿಡೆಮಿಯಾಲಜಿ (ಜನಸಮೂಹದಲ್ಲಿ ರೋಗ, ಔಷಧಿಗಳ ಪರಿಣಾಮದ ಅಧ್ಯಯನ) ಇರುತ್ತದೆ, ಟ್ರಯಲ್ ವಿನ್ಯಾಸ, ಅನುದಾನಕ್ಕೆ ಅರ್ಜಿ ಬರೆಯುವುದು, ಕೊನೆಗೆ ಸ್ವಂತ ಡೇಟಾ ಇಟ್ಟುಕೊಂಡು ಥೀಸಿಸ್. ಡ್ಯೂಕ್ ವಿಶ್ವವಿದ್ಯಾಲಯದ ಕ್ಲಿನಿಕಲ್ ರಿಸರ್ಚ್ ಟ್ರೈನಿಂಗ್ ಪ್ರೋಗ್ರಾಂ, ಲಂಡನ್ ಸ್ಕೂಲ್ ಆಫ್ ಹೈಜೀನ್ ಅಂಡ್ ಟ್ರಾಪಿಕಲ್ ಮೆಡಿಸಿನ್ ದೂರಶಿಕ್ಷಣದಲ್ಲಿ ಕೊಡುವ ಕ್ಲಿನಿಕಲ್ ಟ್ರಯಲ್ಸ್ ಎಂಎಸ್‌ಸಿ ಈ ಕಡೆಯವು.

ಇನ್ನೊಂದು ನಿರ್ವಹಣೆ ಕಲಿಸುವಂಥದ್ದು. ಇಲ್ಲಿ ಜಿಸಿಪಿ (ಟ್ರಯಲ್ ಸರಿಯಾಗಿ ನಡೆಸಲು ಇರುವ ಐಸಿಎಚ್ ಮಾರ್ಗಸೂಚಿ), ನಿಯಮಗಳು, ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್, ಮಾನಿಟರಿಂಗ್, ಬಜೆಟ್, ಗುಣಮಟ್ಟದ ಆಡಿಟ್ ಮುಂದೆ ನಿಲ್ಲುತ್ತವೆ. ಅಂಕಿಅಂಶ ಒಂದು ಪೇಪರ್ ಇದ್ದರೆ ಹೆಚ್ಚು. ಥೀಸಿಸ್ ಬದಲು ಕ್ಯಾಪ್‌ಸ್ಟೋನ್ ಅನ್ನುವ ಕೊನೆಯ ಪ್ರಾಜೆಕ್ಟ್ ಅಥವಾ ಇಂಟರ್ನ್‌ಶಿಪ್.

ಇದರಲ್ಲಿ ಮೇಲು ಕೀಳು ಇಲ್ಲ. ಆದರೆ ಇನ್ವೆಸ್ಟಿಗೇಟರ್ ಆಗಬೇಕು ಅಂತ ಎರಡನೆಯದಕ್ಕೆ ಸೇರಿದರೆ ಮುಗಿಸುವ ಹೊತ್ತಿಗೆ ಒಂದು ರಿಗ್ರೆಷನ್ ವಿಶ್ಲೇಷಣೆ ಕೂಡ ಸ್ವಂತವಾಗಿ ಮಾಡಲು ಬರುವುದಿಲ್ಲ. ಕಂಪನಿಯಲ್ಲಿ ಟ್ರಯಲ್ ನಡೆಸಬೇಕು ಅನ್ನುವವರು ಮೊದಲನೆಯದಕ್ಕೆ ಸೇರಿದರೆ, ಕಲಿತದ್ದರಲ್ಲಿ ಅರ್ಧದಷ್ಟು ದಿನನಿತ್ಯದ ಕೆಲಸಕ್ಕೆ ಬಾರದು. ಜಾಹೀರಾತು ಪುಟ ಓದಿದರೆ ಎರಡೂ ಒಂದೇ ಥರ ಕಾಣುತ್ತವೆ. ಹಾಗಾಗಿ ಪೇಪರ್‌ಗಳ ಪಟ್ಟಿ ತೆಗೆದು, ಸ್ಟಾಟಿಸ್ಟಿಕ್ಸ್ ಮತ್ತು ಎಪಿಡೆಮಿಯಾಲಜಿಗೆ ಒಟ್ಟು ಎಷ್ಟು ಕ್ರೆಡಿಟ್ ಅಂತ ಕೂಡಿ ನೋಡಿ. ಮೂರನೇ ಒಂದು ಪಾಲು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ವಿಧಾನದ ಡಿಗ್ರಿ. ಇದು ನನ್ನ ಒರಟು ಅಳತೆ, ಆದರೆ ಕೈಕೊಟ್ಟಿದ್ದು ಕಡಿಮೆ.

ಜೊತೆಗೇ, ಆಮೇಲೆ, ಅಥವಾ ಕೆಲಸ ಮಾಡುತ್ತಾ

ಫಾರ್ಮಸಿ ಜೊತೆಗೇ ಮಾಸ್ಟರ್ಸ್ ಮಾಡುವ ಜೋಡಿ ಡಿಗ್ರಿ ಕೆಲವು ವಿಶ್ವವಿದ್ಯಾಲಯಗಳಲ್ಲಿ ಇದೆ. ಇದರ ದೊಡ್ಡ ಲಾಭ ಸಮಯ. ಕೆಲವು ಪೇಪರ್‌ಗಳು ಎರಡು ಡಿಗ್ರಿಗೂ ಲೆಕ್ಕಕ್ಕೆ ಬರುತ್ತವೆ, ಹಾಗಾಗಿ ಬೇರೆ ಬೇರೆಯಾಗಿ ಮಾಡುವುದಕ್ಕಿಂತ ಬೇಗ ಮುಗಿಯುತ್ತದೆ. ಇನ್ನೊಂದು ಲಾಭದ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ವಾರ್ಡ್ ರೊಟೇಶನ್‌ನಲ್ಲಿ ಕಂಡ ಪ್ರಶ್ನೆಯನ್ನು ಅದೇ ವಾರ ತರಗತಿಗೆ ತಗೊಂಡು ಹೋಗಬಹುದು. ಐಸಿಯುನಲ್ಲಿ ವ್ಯಾಂಕೊಮೈಸಿನ್ ಪ್ರಮಾಣ ನೋಡುತ್ತಿರುವಾಗಲೇ ಕಿಡ್ನಿಗೆ ತೊಂದರೆಯಾದವರ ದಾಖಲೆಗಳನ್ನು ಥೀಸಿಸ್‌ಗೆ ಬಳಸಲು ಅನುಮತಿ ಕೇಳಬಹುದು. ಆಸ್ಪತ್ರೆಯ ಒಳಗೆ ಇದ್ದಾಗ ಗೈಡ್ ಸಿಗುವುದೂ ಸುಲಭ.

ತೊಂದರೆ ಏನು ಅಂದರೆ, ನೀವು ಇನ್ನೂ ಏನನ್ನೂ ನೋಡಿಲ್ಲ. ಯಾವ ವಿಭಾಗ ಇಷ್ಟ ಅನ್ನುವುದು ಗೊತ್ತಿಲ್ಲದೆ ಥೀಸಿಸ್ ವಿಷಯ ಆರಿಸಬೇಕಾಗುತ್ತದೆ. ರೊಟೇಶನ್ ವರ್ಷಕ್ಕೆ ಬೆಳಗ್ಗೆ ಆರಕ್ಕೆ ಆಸ್ಪತ್ರೆ, ಸಂಜೆ ಸ್ಟಾಟಿಸ್ಟಿಕ್ಸ್ ಅಸೈನ್‌ಮೆಂಟ್, ಮಧ್ಯೆ ಲೈಸೆನ್ಸ್ ಪರೀಕ್ಷೆಯ ತಯಾರಿ. ಫಾರ್ಮಸಿಯ ಅಂಕಗಳೇ ಈಗ ಬಿಗಿಯಾಗಿದ್ದರೆ ಜೋಡಿ ಡಿಗ್ರಿಗೆ ಕೈಹಾಕಬೇಡಿ ಅಂತ ನೇರವಾಗಿ ಹೇಳುತ್ತೇನೆ. ಎರಡರಲ್ಲೂ ಸಾಧಾರಣ ಆಗುವುದಕ್ಕಿಂತ ಒಂದರಲ್ಲಿ ಚೆನ್ನಾಗಿರುವುದು ಮುಂದಿನ ಬಾಗಿಲುಗಳಿಗೆ ಒಳ್ಳೆಯದು.

ಅಧ್ಯಯನಕ್ಕೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಯ ಕ್ಯಾಲೆಂಡರ್ ನಿಮ್ಮ ಕ್ಯಾಲೆಂಡರ್ ಜೊತೆ ಹೊಂದುವುದಿಲ್ಲ ಅನ್ನುವುದನ್ನೂ ಮರೆಯಬೇಡಿ. ಪ್ರೋಟೋಕಾಲ್ ಬರೆದು, ಕಮಿಟಿಗೆ ಕೊಟ್ಟು, ಅವರು ಕೇಳಿದ್ದನ್ನು ತಿದ್ದಿ ಮತ್ತೆ ಕೊಡುವಷ್ಟರಲ್ಲಿ ತಿಂಗಳುಗಳೇ ಹೋಗಬಹುದು. ಒಂದು ವರ್ಷದ ಮಾಸ್ಟರ್ಸ್‌ನಲ್ಲಿ ಹೊಸದಾಗಿ ರೋಗಿಗಳನ್ನು ಸೇರಿಸಿ ಅಧ್ಯಯನ ಮಾಡುತ್ತೇನೆ ಅನ್ನುವುದು ಸುಮ್ನೆ ಕನಸು. ಹಳೆಯ ದಾಖಲೆಗಳ ಮೇಲಿನ ಅಧ್ಯಯನ, ಗೈಡ್ ಹತ್ತಿರ ಆಗಲೇ ಇರುವ ಡೇಟಾ, ಅಥವಾ ವ್ಯವಸ್ಥಿತ ವಿಮರ್ಶೆ (ಆಗಲೇ ಪ್ರಕಟವಾದ ಅಧ್ಯಯನಗಳನ್ನು ಕ್ರಮವಾಗಿ ಹುಡುಕಿ ಒಟ್ಟಿಗೆ ನೋಡುವುದು), ಈ ಮೂರರಲ್ಲಿ ಒಂದು ಆಗುವ ಮಾತು. ಹಳೆಯ ದಾಖಲೆಗಳಾದರೂ ಕಮಿಟಿಯ ಒಪ್ಪಿಗೆ ಅಥವಾ ವಿನಾಯಿತಿ ಬರಹದಲ್ಲಿ ಬೇಕು.

ಮುಗಿಸಿದ ಕೂಡಲೇ ಪೂರ್ಣಾವಧಿ ಮಾಸ್ಟರ್ಸ್ ಅನ್ನುವುದು ಎರಡನೇ ದಾರಿ. ಓದಿನ ಲಯ ತಪ್ಪಿರುವುದಿಲ್ಲ, ಪೂರ್ತಿ ಗಮನ ಕೊಡಬಹುದು. ಆದರೆ ಸಂಬಳ ಇಲ್ಲದ ಒಂದೆರಡು ವರ್ಷ, ಮೇಲೆ ಫೀಸು. ಓದಲು ಸಾಲ ಮಾಡಿದವರಿಗೆ ಇದು ಭಾರ. ನನ್ನ ಲೆಕ್ಕದಲ್ಲಿ ಈ ದಾರಿ ಸರಿ ಅನ್ನಿಸುವುದು ಎರಡೇ ಸಂದರ್ಭದಲ್ಲಿ. ಫೀಸು ಮಾಫಿಯೋ ಸ್ಟೈಪೆಂಡೋ ಸಿಕ್ಕಾಗ, ಇಲ್ಲವೇ ಮುಂದೆ ಪಿಎಚ್‌ಡಿ ಖಚಿತ ಅನ್ನುವಾಗ. ಅಮೆರಿಕದಲ್ಲಿ ಆರೋಗ್ಯ ಸಂಶೋಧನೆಯ ಸರ್ಕಾರಿ ಸಂಸ್ಥೆ ಎನ್‌ಐಎಚ್ 2006ರಲ್ಲಿ ಶುರುಮಾಡಿದ ಸಿಟಿಎಸ್‌ಎ ಅನ್ನುವ ಕ್ಲಿನಿಕಲ್ ಸಂಶೋಧನಾ ಯೋಜನೆಯ ಅನುದಾನ ಇರುವ ಹಲವು ವಿಶ್ವವಿದ್ಯಾಲಯಗಳಲ್ಲಿ ಸಂಶೋಧನೆ ಕಲಿಯುವವರಿಗೆ ಸ್ಟೈಪೆಂಡ್ ಇರುವ ಸ್ಥಾನಗಳಿವೆ. ಹಾಗೆಂದು ಬೇರೆ ದೇಶದವರು ಎಲ್ಲದಕ್ಕೂ ಅರ್ಹರಲ್ಲ, ಮೊದಲೇ ಕೇಳಿಕೊಳ್ಳಿ.

ಮೂರನೆಯದು ಕೆಲಸಕ್ಕೆ ಸೇರಿ, ಒಂದೆರಡು ವರ್ಷದ ಮೇಲೆ ಅರೆಕಾಲಿಕವಾಗಿ ಓದುವುದು. ಹೆಚ್ಚಿನವರಿಗೆ ನಾನು ಹೇಳುವುದು ಇದನ್ನೇ. ಟ್ರಯಲ್ ನಡೆಯುವುದನ್ನು ಕಣ್ಣಾರೆ ಕಂಡವರಿಗೆ ತರಗತಿಯಲ್ಲಿ ಹೇಳಿದ್ದು ಬೇಗ ಅಂಟುತ್ತದೆ. ಒಬ್ಬ ರೋಗಿ ನಾಲ್ಕನೇ ವಿಸಿಟ್‌ಗೆ ಬರದೇ ಹೋದಾಗ ಕೋಆರ್ಡಿನೇಟರ್ ಹತ್ತು ಸಲ ಫೋನ್ ಮಾಡಿದ್ದನ್ನು ನೋಡಿದ್ದರೆ, ಡೇಟಾ ಕಳೆದುಹೋಗುವುದರ ಬಗ್ಗೆ ಸ್ಟಾಟಿಸ್ಟಿಕ್ಸ್ ಮೇಷ್ಟ್ರು ಯಾಕೆ ಅಷ್ಟು ತಲೆ ಕೆಡಿಸಿಕೊಳ್ಳುತ್ತಾರೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಲಂಡನ್ನಿನ ಕೋರ್ಸ್ ಜೊತೆಗೆ ಎಡಿನ್‌ಬರಾ ವಿಶ್ವವಿದ್ಯಾಲಯದ್ದೂ ಆನ್‌ಲೈನ್‌ನಲ್ಲಿ ಸಿಗುತ್ತದೆ, ಕೆಲಸ ಬಿಡದೆ ಮಾಡಬಹುದು. ಕೆಲವು ಕಂಪನಿ, ಆಸ್ಪತ್ರೆಗಳು ಫೀಸಿನಲ್ಲಿ ಪಾಲು ಕೊಡುತ್ತವೆ. ಅದಕ್ಕೆ ಪ್ರತಿಯಾಗಿ ಇಂತಿಷ್ಟು ವರ್ಷ ಅಲ್ಲೇ ಇರಬೇಕು ಅನ್ನುವ ಷರತ್ತು ಇರಬಹುದು, ಸಹಿ ಹಾಕುವ ಮೊದಲು ಓದಿ.

ಇದರ ಅಪಾಯ ಒಂದೇ, ಮುಂದೂಡುತ್ತಾ ಹೋಗುವುದು. ಸಂಬಳ ಏರುತ್ತದೆ, ಮನೆಯ ಜವಾಬ್ದಾರಿ ಬರುತ್ತದೆ, ಮಾಸ್ಟರ್ಸ್ ಹಾಗೇ ಉಳಿಯುತ್ತದೆ. ಉಳಿದರೂ ಪರವಾಗಿಲ್ಲ ಅನ್ನಿಸಿದರೆ ಆ ಡಿಗ್ರಿ ನಿಮಗೆ ಬೇಕೇ ಇರಲಿಲ್ಲ ಅಂತ ಅರ್ಥ, ಹಣ ಉಳಿಯಿತು.

ಸರ್ಟಿಫಿಕೇಟ್ ಸಾಕಾ?

ಮೊದಲ ಕೆಲಸ ಸಿಗಲು ಎಷ್ಟೋ ಸಲ ಸಾಕು. ಆದರೆ ದುಬಾರಿ ಸರ್ಟಿಫಿಕೇಟ್‌ಗೆ ದುಡ್ಡು ಸುರಿಯುವ ಮೊದಲು ಉಚಿತವಾಗಿ ಸಿಗುವುದನ್ನು ಮುಗಿಸಿ. ಕ್ಲಿನಿಕಲ್ ರಿಸರ್ಚ್‌ನ ಮೂಲ ಪಾಠಗಳ ಮೇಲೆ ಎನ್‌ಐಎಚ್ ನಡೆಸುವ ಕೋರ್ಸ್ ಉಚಿತ. ಗ್ಲೋಬಲ್ ಹೆಲ್ತ್ ನೆಟ್‌ವರ್ಕ್‌ನ ಜಿಸಿಪಿ ತರಬೇತಿಯೂ ಉಚಿತ. ಇವೆರಡನ್ನೂ ಮಾಡದೆ ಸಂದರ್ಶನಕ್ಕೆ ಹೋಗುವುದು ತಪ್ಪು.

ಹಣ ಕೊಟ್ಟು ಮಾಡುವುದಾದರೆ ಒಂದು ವಿಷಯ ನೋಡಿ. ಜಿಸಿಪಿ ಮಾರ್ಗಸೂಚಿ 1996ರಲ್ಲಿ ಬಂತು, 2016ರಲ್ಲಿ ತಿದ್ದುಪಡಿ ಆಯಿತು, 2025ರ ಜನವರಿಯಲ್ಲಿ ಮೂರನೇ ಪರಿಷ್ಕರಣೆಯನ್ನು ಐಸಿಎಚ್ ಅಂತಿಮಗೊಳಿಸಿತು. ಜನರ ಮೇಲಿನ ಸಂಶೋಧನೆಯ ನೀತಿ ಹೇಳುವ ಹೆಲ್ಸಿಂಕಿ ಘೋಷಣೆಯನ್ನೂ 2024ರ ಅಕ್ಟೋಬರ್‌ನಲ್ಲಿ ಪರಿಷ್ಕರಿಸಿದ್ದಾರೆ. ಇನ್ನೂ 2016ರದ್ದನ್ನೇ "ಹೊಸದು" ಅಂತ ಕಲಿಸುವ ಕಡೆ ನಿಮ್ಮ ಹಣ ಹಾಕಬೇಡಿ.

ವೃತ್ತಿ ಸಂಸ್ಥೆಗಳ ಪರೀಕ್ಷೆಗಳು ಬೇರೆ ಮಾತು. ಎಸಿಆರ್‌ಪಿ ಅನ್ನುವ ಸಂಸ್ಥೆಯ ಪ್ರಮಾಣಪತ್ರಕ್ಕೆ ಸಾಮಾನ್ಯವಾಗಿ 3,000 ಗಂಟೆಗಳ ಕೆಲಸದ ಅನುಭವ ಬೇಕು. ಅವರು ಒಪ್ಪುವ ಕೋರ್ಸ್ ಮಾಡಿದ್ದರೆ ಅದರಲ್ಲಿ ಸ್ವಲ್ಪ ರಿಯಾಯಿತಿ ಇದೆ. ಅಂದರೆ ಅದು ಕೆಲಸಕ್ಕೆ ಸೇರಿದ ಮೇಲಿನ ಮೆಟ್ಟಿಲು. ಓದುತ್ತಿರುವಾಗಲೇ ಅದನ್ನು ಕೊಡಿಸುತ್ತೇವೆ ಅಂತ ಯಾರಾದರೂ ಹೇಳಿದರೆ ಎರಡು ಸಲ ಕೇಳಿ.

ರೆಸಿಡೆನ್ಸಿ, ಫೆಲೋಶಿಪ್

ಫಾರ್ಮ್‌ಡಿ (ಡಾಕ್ಟರ್ ಆಫ್ ಫಾರ್ಮಸಿ) ಮಾಡಿದವರಿಗೆ ಈ ಎರಡೂ ಕಣ್ಣೆದುರು ಇರುತ್ತವೆ, ಮುಖ್ಯವಾಗಿ ಅಮೆರಿಕದಲ್ಲಿ. ರೆಸಿಡೆನ್ಸಿ ಅಂದರೆ ಹಾಸಿಗೆ ಪಕ್ಕದ ತರಬೇತಿ. ಅದರಲ್ಲಿ ಒಂದು ಸಣ್ಣ ಸಂಶೋಧನಾ ಯೋಜನೆ ಇರುತ್ತದೆ ನಿಜ, ಆದರೆ ಅದನ್ನು ಸಂಶೋಧನೆಯ ಶಿಕ್ಷಣ ಅನ್ನಲಾಗದು. ಅಲ್ಲಿಂದ ಬಂದವರು ಒಳ್ಳೆಯ ಕ್ಲಿನಿಕಲ್ ಫಾರ್ಮಸಿಸ್ಟ್ ಆಗುತ್ತಾರೆ, ಮತ್ತು ಒಳ್ಳೆಯ ಪ್ರಶ್ನೆಗಳು ಹುಟ್ಟುವುದು ಅಲ್ಲೇ.

ಫೆಲೋಶಿಪ್‌ನಲ್ಲಿ ಮತ್ತೆ ಎರಡು ಬಗೆ. ವಿಶ್ವವಿದ್ಯಾಲಯದ ಫೆಲೋಶಿಪ್‌ನಲ್ಲಿ ಒಬ್ಬ ಸಂಶೋಧಕರ ಕೈಕೆಳಗೆ ಸಾಮಾನ್ಯವಾಗಿ ಎರಡು ವರ್ಷ ಕೆಲಸ. ಕೆಲವು ಕಡೆ ಇದರ ಜೊತೆಗೇ ಮಾಸ್ಟರ್ಸ್ ಪೇಪರ್‌ಗಳನ್ನೂ ಓದಿಸುತ್ತಾರೆ, ಸ್ಟೈಪೆಂಡ್ ಕೊಟ್ಟು. ಹೀಗೆ ಸಿಕ್ಕರೆ ಬೇರೆ ಯಾವ ದಾರಿಯನ್ನೂ ಯೋಚಿಸಬೇಡಿ, ಇದಕ್ಕಿಂತ ಒಳ್ಳೆಯ ವ್ಯವಹಾರ ಸಿಗುವುದು ಕಷ್ಟ. ಕಂಪನಿಗಳ ಫೆಲೋಶಿಪ್ ಬೇರೆ. ರಟ್ಗರ್ಸ್ ವಿಶ್ವವಿದ್ಯಾಲಯ 1984ರಿಂದ ಔಷಧ ಕಂಪನಿಗಳ ಜೊತೆ ಸೇರಿ ನಡೆಸುತ್ತಿರುವುದು ಈ ಬಗೆಯದು. ಮೆಡಿಕಲ್ ಅಫೇರ್ಸ್, ರೆಗ್ಯುಲೇಟರಿ, ಕ್ಲಿನಿಕಲ್ ಡೆವಲಪ್‌ಮೆಂಟ್ ವಿಭಾಗಗಳಿಗೆ ಹೋಗುವವರಿಗೆ ಇದು ಮಾಸ್ಟರ್ಸ್‌ಗಿಂತ ನೇರವಾದ ದಾರಿ.

ಎಂಪಿಎಚ್, ಬಯೋಸ್ಟಾಟಿಸ್ಟಿಕ್ಸ್, ಪಿಎಚ್‌ಡಿ

ಕ್ಲಿನಿಕಲ್ ರಿಸರ್ಚ್ ಅಂತ ಹೊರಟವರಲ್ಲಿ ಕೆಲವರಿಗೆ ನಿಜಕ್ಕೂ ಬೇಕಾಗಿರುವುದು ಇನ್ನೊಂದು ಡಿಗ್ರಿ. ಲಕ್ಷಾಂತರ ಜನರ ದಾಖಲೆಗಳಿಂದ ಔಷಧಿಯ ಪರಿಣಾಮ ಹುಡುಕುವುದು ಇಷ್ಟವಾದರೆ ಎಪಿಡೆಮಿಯಾಲಜಿ ಹೆಚ್ಚು ಒತ್ತಿ ಕಲಿಸುವ ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಮಾಸ್ಟರ್ಸ್) ಅಥವಾ ಎಂಎಸ್ ನೋಡಿ. ಔಷಧಿ ಕೊಟ್ಟ ಹಣಕ್ಕೆ ತಕ್ಕದ್ದಾ ಅನ್ನುವ ಪ್ರಶ್ನೆ ಕಾಡಿದರೆ ಹೆಲ್ತ್ ಎಕನಾಮಿಕ್ಸ್. ಈ ಎರಡರಲ್ಲೂ ಫಾರ್ಮಸಿಯವರಿಗೆ ಒಳ್ಳೆಯ ಬೇಡಿಕೆ ಇದೆ. ಲೆಕ್ಕವೇ ಪ್ರೀತಿ, ಪ್ರೋಗ್ರಾಮಿಂಗ್ ಬೇಜಾರಿಲ್ಲ ಅನ್ನುವವರು ಬಯೋಸ್ಟಾಟಿಸ್ಟಿಕ್ಸ್‌ಗೆ ಹೋಗಬಹುದು, ಆದರೆ ಕ್ಯಾಲ್ಕುಲಸ್ ಮತ್ತು ಮ್ಯಾಟ್ರಿಕ್ಸ್ ಬೀಜಗಣಿತ ಮೊದಲೇ ಮಾಡಿರಬೇಕು ಅಂತ ಹೆಚ್ಚಿನ ಕಡೆ ಕೇಳುತ್ತಾರೆ. ಫಾರ್ಮಸಿಯಲ್ಲಿ ಅಷ್ಟು ಗಣಿತ ಇರುವುದು ಅಪರೂಪ. ಫಾರ್ಮಕೋಕೈನೆಟಿಕ್ಸ್ ಹಿಡಿಸಿದವರಿಗೆ ಮಾಡೆಲಿಂಗ್, ಅಂದರೆ ಔಷಧಿ ದೇಹದಲ್ಲಿ ಏನಾಗುತ್ತದೆ ಅನ್ನುವುದನ್ನು ಗಣಿತದಲ್ಲಿ ಅಂದಾಜಿಸುವ ದಾರಿ ಇದೆ, ಅಲ್ಲಿ ಸ್ಪರ್ಧೆಯೂ ಕಡಿಮೆ.

ಪಿಎಚ್‌ಡಿ ನಾಲ್ಕೈದು ವರ್ಷದ ಮಾತು. ಸ್ವಂತ ಸಂಶೋಧನಾ ತಂಡ ಕಟ್ಟಬೇಕು, ಅನುದಾನ ತರಬೇಕು ಅನ್ನುವವರಿಗೆ ಮಾಸ್ಟರ್ಸ್ ಒಂದೇ ಸಾಲದು. ಅನೇಕ ದೇಶಗಳಲ್ಲಿ ಪಿಎಚ್‌ಡಿಗೆ ಸ್ಟೈಪೆಂಡ್ ಇರುತ್ತದೆ, ಮಾಸ್ಟರ್ಸ್‌ಗೆ ಇರುವುದಿಲ್ಲ. ಹಾಗಾಗಿ ಖಚಿತ ಇದ್ದವರು ನೇರವಾಗಿ ಅಲ್ಲಿಗೇ ಅರ್ಜಿ ಹಾಕುವುದು ಜಾಣತನ. ಖಚಿತ ಇಲ್ಲದವರು ಮಾಸ್ಟರ್ಸ್ ಥೀಸಿಸ್ ಬರೆಯುವಾಗ ತಮ್ಮನ್ನು ಗಮನಿಸಿಕೊಳ್ಳಲಿ.

ಕೋರ್ಸ್‌ನವರನ್ನು ಏನು ಕೇಳಬೇಕು

ರ‍್ಯಾಂಕಿಂಗ್ ಬಿಡಿ. ಕಳೆದ ಎರಡು ಬ್ಯಾಚ್‌ನ ಥೀಸಿಸ್ ವಿಷಯಗಳ ಪಟ್ಟಿ ಕೊಡಿ ಅನ್ನಿ. ಅವುಗಳಲ್ಲಿ ಎಷ್ಟು ಜರ್ನಲ್‌ನಲ್ಲಿ ಬಂದವು, ವಿದ್ಯಾರ್ಥಿ ಮೊದಲ ಲೇಖಕರಾಗಿದ್ದರಾ ಅಂತ ನೋಡಿ. ಫಾರ್ಮಸಿ ಓದಿ ಬಂದವರು ಎಷ್ಟು ಜನ ಇದ್ದರು ಅಂತ ಕೇಳಿ. ಕೆಲವು ಕೋರ್ಸ್‌ಗಳು ಡಾಕ್ಟರುಗಳನ್ನೇ ಮನಸ್ಸಿನಲ್ಲಿಟ್ಟು ಮಾಡಿದವು. ಅಲ್ಲಿ ರೋಗಿಗಳ ದಾಖಲೆ ತಲುಪಲು ನಿಮಗೆ ಇನ್ನೊಬ್ಬರ ಸಹಿ ಬೇಕಾಗುತ್ತದೆ, ಥೀಸಿಸ್ ಅಲ್ಲೇ ತಡವಾಗುತ್ತದೆ.

ಗೈಡ್‌ರನ್ನು ಯಾರು ಹುಡುಕಿಕೊಡುತ್ತಾರೆ ಅನ್ನುವುದು ಎಲ್ಲಕ್ಕಿಂತ ಮುಖ್ಯ. "ನೀವೇ ಹುಡುಕಿಕೊಳ್ಳಿ" ಅನ್ನುವ ಕಡೆ ಸೇರುವ ಮೊದಲೇ ಒಬ್ಬರ ಒಪ್ಪಿಗೆ ಪಡೆಯಿರಿ. ಹೆಸರಾಂತ ಪ್ರೊಫೆಸರ್ ತಿಂಗಳಿಗೊಮ್ಮೆ ಸಿಗುವುದಕ್ಕಿಂತ, ಅಷ್ಟೇನೂ ಹೆಸರಿಲ್ಲದವರು ವಾರಕ್ಕೊಮ್ಮೆ ಕೂತು ನಿಮ್ಮ ಬರಹವನ್ನು ಕೆಂಪು ಮಾಡಿಕೊಟ್ಟರೆ ಸಾವಿರ ಪಾಲು ಮೇಲು. ಅವರ ಹಳೆಯ ವಿದ್ಯಾರ್ಥಿ ಒಬ್ಬರ ಜೊತೆ ಮಾತಾಡಿ. ಏನು ಕೇಳಬೇಕು ಅಂತ ತೋಚದಿದ್ದರೆ, ಕರಡು ಕಳಿಸಿದರೆ ಉತ್ತರ ಎಷ್ಟು ದಿನಕ್ಕೆ ಬರುತ್ತಿತ್ತು ಅಂತ ಕೇಳಿ.

ಯಾವ ಸಾಫ್ಟ್‌ವೇರ್ ಕಲಿಸುತ್ತಾರೆ? ಆರ್ ಉಚಿತ, ಎಲ್ಲಿ ಹೋದರೂ ಜೊತೆಗೆ ಬರುತ್ತದೆ. ಕಂಪನಿಗಳಲ್ಲಿ ಸ್ಯಾಸ್ ಇನ್ನೂ ಗಟ್ಟಿಯಾಗಿ ಕೂತಿದೆ. ಎರಡರಲ್ಲಿ ಒಂದಾದರೂ ಇರಲಿ. ಬರೀ ಮೌಸ್ ಒತ್ತಿ ಉತ್ತರ ತೆಗೆಯುವುದನ್ನು ಮಾತ್ರ ಕಲಿಸುವುದಾದರೆ ಅದು ಕಡಿಮೆಯೇ.

ಇನ್ನು ಅರ್ಜಿಯ ಪ್ರಬಂಧ. "ಸಂಶೋಧನೆಯಲ್ಲಿ ನನಗೆ ಅಪಾರ ಆಸಕ್ತಿ" ಅಂತ ಶುರುಮಾಡಿದ್ದನ್ನು ಆಯ್ಕೆ ಸಮಿತಿಯವರು ಸಾಲುಸಾಲಾಗಿ ಓದಿ ಸುಸ್ತಾಗಿರುತ್ತಾರೆ. ಅದರ ಬದಲು ಒಂದು ಪ್ರಶ್ನೆ ಬರೆಯಿರಿ. ಉದಾಹರಣೆಗೆ, ಆಸ್ಪತ್ರೆಯಿಂದ ಮನೆಗೆ ಹೋಗುವಾಗ ಫಾರ್ಮಸಿಸ್ಟ್ ಹದಿನೈದು ನಿಮಿಷ ಕೂತು ವಾರ್ಫರಿನ್ ಬಗ್ಗೆ ಹೇಳಿಕೊಟ್ಟರೆ, ಮೂರು ತಿಂಗಳಲ್ಲಿ ರಕ್ತಸ್ರಾವ ಆಗಿ ವಾಪಸ್ ಬರುವವರು ಕಡಿಮೆಯಾಗುತ್ತಾರಾ? ಯಾರನ್ನು ಯಾರ ಜೊತೆ ಹೋಲಿಸುತ್ತೀರಿ, ಏನನ್ನು ಅಳೆಯುತ್ತೀರಿ, ಎಲ್ಲಿ ಕಷ್ಟ ಅಂತ ಎರಡು ಪ್ಯಾರಾ ಸಾಕು. ಹೇಳಿಕೊಟ್ಟಿದ್ದು ಯಾರಿಗೆ ಅಂತ ರೋಗಿಗೂ ಫಾರ್ಮಸಿಸ್ಟ್‌ಗೂ ಗೊತ್ತೇ ಇರುತ್ತದೆ, ಇಲ್ಲಿ ಬ್ಲೈಂಡಿಂಗ್ ಹೇಗೆ ಮಾಡುತ್ತೀರಿ ಅಂತ ಸಂದರ್ಶನದಲ್ಲಿ ಕೇಳಿಯೇ ಕೇಳುತ್ತಾರೆ. ರಕ್ತಸ್ರಾವ ಆಯಿತೋ ಇಲ್ಲವೋ ಅಂತ ತೀರ್ಮಾನಿಸುವವರಿಗೆ ಯಾರು ಯಾವ ಗುಂಪು ಅನ್ನುವುದನ್ನು ಮುಚ್ಚಿಡಬಹುದು ಅನ್ನುವ ಉತ್ತರ ಹಿಡಿದುಕೊಂಡು ಹೋಗಿ.